ದೂರದ ಬೇಟೆಗೆ ಭಾರದ ಗುಂಡು: ಯಾವ ತೋಟಾ ಆರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನವನು. ಈಗ ಇರುವುದು ಅಮೆರಿಕದ ಕೊಲರಾಡೊದಲ್ಲಿ. ಬೇಸಿಗೆ ಮುಗಿಯುತ್ತಾ ಬಂದ ಹಾಗೆ ಇಲ್ಲಿನ ಕನ್ನಡದ ಗೆಳೆಯರಿಂದ ಫೋನ್ ಶುರುವಾಗುತ್ತದೆ. ಎಲ್ಲರದ್ದೂ ಒಂದೇ ಮಾತು: "ಎಲ್ಕ್ ಬೇಟೆಗೆ ಹೋಗಬೇಕು, ರೈಫಲ್ ಯಾವುದು ತಗೊಳ್ಳಲಿ?" ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡ ನೆಂಟ. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಇಲ್ಲಿನ ಬಯಲು ಬೆಟ್ಟಗಳಲ್ಲಿ ಅದು ಹತ್ತಿರ ಬರುವುದು ಕಡಿಮೆ. ಅದಕ್ಕೇ ದೂರದ ಗುಂಡಿನ ಮಾತು ಬರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗದೆ ಉಳಿದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಇದು ಊರಿಗೂ ಅನ್ವಯಿಸುತ್ತದಾ?

ಇಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳಲು, ಬೇಟೆಯಾಡಲು ಅಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದೇ ನಮ್ಮಲ್ಲಿ ಉಳಿದಿರುವ ಗುರಿಗಾರಿಕೆ. ಮುಂದಿನ ಮಾತೆಲ್ಲ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಆಡುವ ಬೇಟೆಯದ್ದು.

ತೋಟಾ ಬೇರೆ, ಗುಂಡು ಬೇರೆಯಾ?

ಬೇರೆ. ಹಿತ್ತಾಳೆಯ ಕೇಸ್, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಇವು ನಾಲ್ಕೂ ಸೇರಿದರೆ ತೋಟಾ. ಹಾರಿ ಹೋಗುವುದು ಗುಂಡು ಮಾತ್ರ. ಅದರ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. 175 ಗ್ರೇನ್ ಅಂದರೆ 11 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂಗಡಿಗೆ ಹೋದವರು ತೋಟಾದ ಹೆಸರು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಗುಂಡು ಯಾವುದು ಅಂತ. ಕೆಲಸ ಮಾಡುವುದು ಅದು. ತೋಟಾ ಅದನ್ನು ಹೊತ್ತು ಬಿಡುವ ಗಾಡಿ.

ಹಗುರ ಗುಂಡು ಜೋರಾಗಿ ಹೋಗುತ್ತದೆ ಅಲ್ವಾ? ಭಾರದ್ದು ಯಾಕೆ?

ನಳಿಗೆಯಿಂದ ಹೊರಡುವಾಗ ಹಗುರದ್ದೇ ಜೋರು. ಆದರೆ ಗಾಳಿ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಅಂಗಳದಲ್ಲಿ ನಿಂತು ಒಂದು ಒಣ ಅಡಿಕೆ ಸಿಪ್ಪೆ ಎಸೆದು ನೋಡಿ. ಆಮೇಲೆ ಅದೇ ಕೈಯಲ್ಲಿ ಒಂದು ಗೋಟಡಿಕೆ ಎಸೆಯಿರಿ. ಸಿಪ್ಪೆ ನಾಲ್ಕು ಮಾರು ಹೋಗಿ ಗಾಳಿಗೆ ಓಲಾಡಿ ಬೀಳುತ್ತದೆ. ಅಡಿಕೆ ಬೇಲಿ ದಾಟುತ್ತದೆ.

ಒಂದೇ ದಪ್ಪದ ಗುಂಡಿಗೆ ತೂಕ ಜಾಸ್ತಿ ಮಾಡಬೇಕಾದರೆ ಉದ್ದ ಮಾಡಬೇಕು. ಉದ್ದವಾಗಿ, ಚೂಪಾಗಿ, ಹಿಂದೆ ದೋಣಿಯ ಹಾಗೆ ಕಿರಿದಾದ ಗುಂಡು ಗಾಳಿಯನ್ನು ಸುಲಭವಾಗಿ ಸೀಳುತ್ತದೆ. ಆ ಗುಣವನ್ನು ಅಳೆಯುವ ಅಂಕಿಯೇ ಬ್ಯಾಲಿಸ್ಟಿಕ್ ಕೋಎಫಿಷಿಯಂಟ್, ಸುಮ್ನೆ ಬಿ.ಸಿ. ಅನ್ನುತ್ತಾರೆ. ಬಿ.ಸಿ. ಜಾಸ್ತಿ ಇದ್ದಷ್ಟೂ ಗುಂಡು ವೇಗ ಉಳಿಸಿಕೊಳ್ಳುತ್ತದೆ. ಇದನ್ನು ಜಿ1, ಜಿ7 ಎಂಬ ಎರಡು ಅಳತೆಗೋಲಿನಲ್ಲಿ ಹೇಳುತ್ತಾರೆ. ಬೇರೆ ಬೇರೆ ಕಂಪನಿಯ ಡಬ್ಬ ಹೋಲಿಸುವಾಗ ಜಿ1 ಅಂಕಿಯನ್ನು ಜಿ1ರ ಜೊತೆಗೆ, ಜಿ7 ಅಂಕಿಯನ್ನು ಜಿ7ರ ಜೊತೆಗೆ ಇಟ್ಟು ನೋಡಿ. ಒಂದೇ ಗುಂಡಿಗೆ ಜಿ1ರಲ್ಲಿ 0.689 ಇದ್ದರೆ ಜಿ7ರಲ್ಲಿ 0.347 ಇರುತ್ತದೆ. ಎರಡೂ ಸರಿ. ಅಳತೆಗೋಲು ಬೇರೆ.

ಲಾಭ ಕಾಣುವುದು ಅಡ್ಡಗಾಳಿಯಲ್ಲಿ. ಗುಂಡು ಎಷ್ಟು ಕೆಳಗೆ ಬೀಳುತ್ತದೆ ಎಂಬ ಚಿಂತೆ ಈಗ ಅಷ್ಟಿಲ್ಲ. ಲೇಸರ್ ರೇಂಜ್‌ಫೈಂಡರ್ ದೂರ ಹೇಳುತ್ತದೆ, ಫೋನಿನ ಆ್ಯಪ್ ಉಳಿದದ್ದು ಲೆಕ್ಕ ಹಾಕುತ್ತದೆ. ಗಾಳಿಯನ್ನು ಮಾತ್ರ ನೀವೇ ಅಂದಾಜು ಮಾಡಬೇಕು. ಗಂಟೆಗೆ 10 ಮೈಲಿಯ ಅಡ್ಡಗಾಳಿ, 500 ಗಜ ದೂರ ಅಂದುಕೊಳ್ಳಿ. ಸಮುದ್ರಮಟ್ಟದ ಲೆಕ್ಕದಲ್ಲಿ 7 ಎಂಎಂನ 175 ಗ್ರೇನ್ ಗುಂಡು ಸುಮಾರು 12 ಇಂಚು ಪಕ್ಕಕ್ಕೆ ಸರಿಯುತ್ತದೆ. .30-06 ಎಂಬ ಹಳೆಯ ತೋಟಾದ ಹಗುರ 150 ಗ್ರೇನ್ ಗುಂಡು ಅದರ ಹತ್ತಿರ ಹತ್ತಿರ ಎರಡರಷ್ಟು. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು. ಗಾಳಿಯನ್ನು ಅರ್ಧ ತಪ್ಪು ಅಂದಾಜು ಮಾಡಿದರೆ ಭಾರದ ಗುಂಡು ತಟ್ಟೆಯ ಅಂಚಿಗೆ ಬೀಳುತ್ತದೆ. ಹಗುರದ್ದು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಪ್ರಾಣಿ ನರಳುತ್ತಾ ಮೈಲಿಗಟ್ಟಲೆ ಹೋಗುತ್ತದೆ. ಭಾರದ ಗುಂಡು ಬೇಕು ಅನ್ನುವುದು ನನಗೆ ಈ ಕಾರಣಕ್ಕೆ.

ಟ್ವಿಸ್ಟ್ ಅಂದರೇನು? ಎಲ್ಲರೂ ಅದನ್ನೇ ಯಾಕೆ ಕೇಳುತ್ತಾರೆ?

ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯ ಹಾಗೆ ತಿರುಗಿಸುತ್ತವೆ. ಎಷ್ಟು ಇಂಚಿಗೆ ಒಂದು ಸುತ್ತು ಎಂಬುದೇ ಟ್ವಿಸ್ಟ್. 8 ಇಂಚಿಗೆ ಒಂದು ಸುತ್ತು ಅಂದರೆ ಚುರುಕು, 10 ಇಂಚಿಗೆ ಒಂದು ಅಂದರೆ ನಿಧಾನ. ಗುಂಡು ಉದ್ದವಾದಷ್ಟೂ ಚುರುಕಿನ ಸುತ್ತು ಬೇಕು. ಸಾಲದಿದ್ದರೆ ದಾರ ಸರಿಯಾಗಿ ಬಿಗಿಯದ ಬುಗುರಿಯ ಹಾಗೆ ತಲೆ ಆಡಿಸುತ್ತದೆ. ಅಂಥ ಗುಂಡು ಕಾಗದದಲ್ಲಿ ದುಂಡಗಿನ ತೂತು ಮಾಡುವುದಿಲ್ಲ, ಅಡ್ಡ ಬಿದ್ದು ಉದ್ದನೆಯ ಸೀಳು ಮಾಡುತ್ತದೆ. ಅದನ್ನು ಒಮ್ಮೆ ಕಂಡರೆ ಆ ಗುಂಡು ಆ ರೈಫಲ್‌ಗೆ ಆಗದು ಅಂತಲೇ ಲೆಕ್ಕ.

ಇದು ಹೊಸ ವಿಷಯ ಏನಲ್ಲ. 1890ರ ದಶಕದ ಸ್ವೀಡನ್ನಿನ 6.5×55 ತೋಟಾಕ್ಕೆ 156 ಗ್ರೇನಿನ ಉದ್ದ ಗುಂಡು ಇತ್ತು. ಅದಕ್ಕಾಗಿ 200 ಮಿಲಿಮೀಟರಿಗೆ ಒಂದು ಸುತ್ತು, ಅಂದರೆ 8 ಇಂಚಿಗಿಂತ ಸ್ವಲ್ಪ ಕಡಿಮೆ. 1892ರ 7×57 ಮೌಸರ್‌ಗೆ 173 ಗ್ರೇನ್. ಇದೇ 7×57 ಬ್ರಿಟಿಷರ ಕಾಲದಲ್ಲಿ .275 ರಿಗ್ಬಿ ಎಂಬ ಹೆಸರಿನಲ್ಲಿ ನಮ್ಮ ದೇಶದ ಕಾಡುಗಳಿಗೂ ಬಂದಿತ್ತು. ಜಿಮ್ ಕಾರ್ಬೆಟ್ ಕೈಯಲ್ಲಿದ್ದ ರೈಫಲ್‌ಗಳಲ್ಲಿ ಅದೂ ಒಂದು.

ಅಮೆರಿಕದ್ದು ಬೇರೆ ದಾರಿ. 1925ರಲ್ಲಿ ಬಂದ .270 ವಿಂಚೆಸ್ಟರ್‌ಗೆ 130 ಗ್ರೇನಿನ ವೇಗದ ಗುಂಡು, 10 ಇಂಚಿನ ಟ್ವಿಸ್ಟ್. ಮಧ್ಯಮ ದೂರಕ್ಕೆ ಅದು ಇವತ್ತಿಗೂ ಚೆನ್ನ. ಆದರೆ ಅದೇ ದಪ್ಪದ 175 ಗ್ರೇನ್ ಗುಂಡನ್ನು ಆ ನಳಿಗೆ ಸರಿಯಾಗಿ ತಿರುಗಿಸಲಾರದು. ಅದಕ್ಕೇ 2021ರಲ್ಲಿ 6.8 ವೆಸ್ಟರ್ನ್ ಬಂತು. ದಪ್ಪ ಅದೇ, ಟ್ವಿಸ್ಟ್ ಚುರುಕು, ಗುಂಡು ಭಾರ. ಈಚಿನ ತೋಟಾಗಳ ಹೊಸತನದಲ್ಲಿ ದೊಡ್ಡ ಪಾಲು ಇದೇ. ಮದ್ದಿನ ಪವಾಡ ಏನೂ ನಡೆದಿಲ್ಲ.

ನನ್ನ ರೈಫಲ್‌ನ ಟ್ವಿಸ್ಟ್ ಗೊತ್ತಿಲ್ಲ. ಹೇಗೆ ತಿಳಿಯುವುದು?

ಹೆಚ್ಚಿನ ನಳಿಗೆಗಳ ಮೇಲೆ ಕೊರೆದಿರುತ್ತಾರೆ. ಇಲ್ಲದಿದ್ದರೆ ಮನೆಯಲ್ಲೇ ಅಳೆಯಬಹುದು. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದಿಡಿ. ಹಿಡಿ ತಾನಾಗಿ ತಿರುಗುವ ಕ್ಲೀನಿಂಗ್ ರಾಡ್ ತಗೊಳ್ಳಿ. ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ಬಟ್ಟೆ ಗೆರೆಗಳನ್ನು ಕಚ್ಚಿದಾಗ ರಾಡ್ ಮೆಲ್ಲಗೆ ತಿರುಗಲು ಶುರು ಮಾಡುತ್ತದೆ. ಅಲ್ಲಿ ನಿಲ್ಲಿಸಿ. ನಳಿಗೆಯ ಹಿಂಬದಿಯಲ್ಲಿ, ರಾಡ್‌ನ ಮೇಲ್ಮೈಗೆ ಒಂದು ಚೂರು ಟೇಪ್ ಅಂಟಿಸಿ, ಅದು ಆಕಾಶ ನೋಡುತ್ತಿರಲಿ. ಮತ್ತೆ ತಳ್ಳಿ. ಟೇಪ್ ಒಂದು ಸುತ್ತು ಹಾಕಿ ಮತ್ತೆ ಆಕಾಶ ನೋಡುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ನಿಮ್ಮ ಟ್ವಿಸ್ಟ್. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಆ ಅಂಕಿ, ಗುಂಡಿನ ಉದ್ದ, ತೂಕ, ವೇಗ ಇಷ್ಟು ಇದ್ದರೆ ಮಿಲ್ಲರ್ ಸೂತ್ರದ ಕ್ಯಾಲ್ಕುಲೇಟರ್ ಸ್ಥಿರತೆಯ ಅಂಕ ಕೊಡುತ್ತದೆ. 1.5 ಅಥವಾ ಮೇಲೆ ಬಂದರೆ ನಿಶ್ಚಿಂತೆ. 1ರ ಹತ್ತಿರ ಬಂದರೆ ಆ ಗುಂಡು ಬೇಡ.

ಸರಿ, ಕೊನೆಗೆ ಯಾವ ತೋಟಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೊಸದಾಗಿ ಕೊಳ್ಳುವವರಿಗೆ, ಎಲ್ಕ್‌ಗೆ, 7 ಎಂಎಂ ಪಿಆರ್‌ಸಿ (ಪ್ರಿಸಿಷನ್ ರೈಫಲ್ ಕಾರ್ಟ್ರಿಜ್). 2022ರಲ್ಲಿ ಹಾರ್ನಡಿ ಕಂಪನಿ ತಂದದ್ದು. 24 ಇಂಚಿನ ನಳಿಗೆಯಿಂದ 175 ಗ್ರೇನ್ ಗುಂಡು ಸೆಕೆಂಡಿಗೆ 3000 ಅಡಿ ಹೊರಡುತ್ತದೆ ಅಂತ ಅವರ ಲೆಕ್ಕ. 8 ಇಂಚಿನ ಟ್ವಿಸ್ಟ್ ತೋಟಾದ ವಿನ್ಯಾಸದಲ್ಲೇ ಇದೆ. ಹಾಗಾಗಿ ಯಾವ ಕಂಪನಿಯ ರೈಫಲ್ ತಗೊಂಡರೂ ಭಾರದ ಗುಂಡಿಗೆ ತಯಾರಾಗಿರುತ್ತದೆ. ಮಾಮೂಲಿ ಲಾಂಗ್ ಆ್ಯಕ್ಷನ್‌ನಲ್ಲೇ, ಅಂದರೆ ಉದ್ದ ತೋಟಾಗಳಿಗೆ ಮಾಡಿದ ಮಾಮೂಲಿ ಬೋಲ್ಟ್ ಭಾಗದಲ್ಲೇ, ಕೂರುತ್ತದೆ.

1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಈಗಾಗಲೇ ಮನೆಯಲ್ಲಿದ್ದರೆ ಮಾರಬೇಡಿ. ಹಳೆಯ ನಳಿಗೆಗಳ ಟ್ವಿಸ್ಟ್ 9.5 ಇಂಚಿನ ಆಸುಪಾಸು. 160ರಿಂದ 168 ಗ್ರೇನಿನ ಗುಂಡು ಆರಾಮ. ಉದ್ದನೆಯ 180 ಗ್ರೇನಿಗೆ ಆಸೆ ಪಡಬೇಡಿ. ಇನ್ನೊಂದು ಮಾತು: ಎರಡರ ಹೆಸರಿನಲ್ಲೂ 7 ಎಂಎಂ ಇದೆ ಅಂತ ಒಂದರ ತೋಟಾವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಡಬ್ಬದ ಮೇಲಿನ ಪೂರ್ತಿ ಹೆಸರೂ ನಳಿಗೆಯ ಮೇಲಿನ ಪೂರ್ತಿ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ತಪ್ಪಿದರೆ ಪ್ರಾಣಕ್ಕೇ ಅಪಾಯ.

1963ರ .300 ವಿಂಚೆಸ್ಟರ್ ಮ್ಯಾಗ್ನಮ್‌ನ ದೊಡ್ಡ ಗುಣ ಏನೆಂದರೆ ತೋಟಾ ಎಲ್ಲ ಕಡೆ ಸಿಗುತ್ತದೆ. ಬೆಟ್ಟದ ಬುಡದ ಪುಟ್ಟ ಊರಿನ ಅಂಗಡಿಯಲ್ಲೂ ಒಂದು ಡಬ್ಬ ಇರುತ್ತದೆ. ಲಗೇಜ್ ಕಳೆದುಹೋದ ದಿನ ಇದರ ಬೆಲೆ ಗೊತ್ತಾಗುತ್ತದೆ. 10 ಇಂಚಿನ ಟ್ವಿಸ್ಟ್‌ನಲ್ಲಿ 200ರಿಂದ 212 ಗ್ರೇನ್ ತನಕ ಸರಿ. ಆದರೆ ಕೇಸ್‌ನ ಕತ್ತು ಗಿಡ್ಡ, ಉದ್ದನೆಯ ಗುಂಡು ಮದ್ದಿನ ಜಾಗಕ್ಕೆ ಇಳಿದುಬಿಡುತ್ತದೆ. ಆ ಕೊರತೆ ತುಂಬಲು ಬಂದದ್ದು .300 ಪಿಆರ್‌ಸಿ. 8.5 ಇಂಚಿನ ಟ್ವಿಸ್ಟ್, 212 ಗ್ರೇನ್ ಗುಂಡು, ಸೆಕೆಂಡಿಗೆ 2860 ಅಡಿ. ತೋಟಾದ ಒಟ್ಟು ಉದ್ದ 3.7 ಇಂಚು. ಹಾಗಾಗಿ ಹಳೆಯ ರೈಫಲ್‌ಗಳ ಮ್ಯಾಗಜೀನ್‌ಗಳಲ್ಲಿ (ತೋಟಾ ತುಂಬುವ ಗೂಡು) ಕೂರುವುದಿಲ್ಲ.

6.5 ಕ್ರೀಡ್‌ಮೋರ್ ಎಲ್ಕ್‌ಗೆ ಸಾಲದು ಅಂತ ಹೇಳುವವರು ತುಂಬ ಜನ. ನಾನು ಒಪ್ಪುವುದಿಲ್ಲ. 143 ಗ್ರೇನ್ ಗುಂಡು, ಸೆಕೆಂಡಿಗೆ 2700 ಅಡಿ. 300 ಗಜದೊಳಗೆ, ಸರಿಯಾದ ಜಾಗಕ್ಕೆ ಬಿದ್ದರೆ ಬೇಕಾದಷ್ಟಾಯಿತು. ಜಿಂಕೆಗಾದರೆ ಇನ್ನೂ ದೂರಕ್ಕೂ ಸರಿ. ಮೊದಲ ರೈಫಲ್ ಕೊಳ್ಳುವವರಿಗೆ, ಹಗುರ ಮೈಕಟ್ಟಿನವರಿಗೆ ನಾನು ಇದನ್ನೇ ಹೇಳುವುದು.

.338 ಲಾಪುವಾ ಇನ್ನೂ ಒಳ್ಳೆಯದಲ್ವಾ?

250ರಿಂದ 300 ಗ್ರೇನಿನ ಗುಂಡು ಹಾರಿಸುವ ಸೈನ್ಯದ ತೋಟಾ ಅದು. ರೈಫಲ್ ಭಾರ, ತೋಟಾ ದುಬಾರಿ. ಹತ್ತು ಸಾವಿರ ಅಡಿ ಎತ್ತರದಲ್ಲಿ ಏದುಸಿರು ಬಿಡುತ್ತಾ ಅದನ್ನು ಹೊತ್ತು ನಡೆಯುವುದು ಬೇಡ. ಐಡಾಹೊ ರಾಜ್ಯದಲ್ಲಂತೂ ದೊಡ್ಡ ಪ್ರಾಣಿಗಳ ಬೇಟೆಗೆ 16 ಪೌಂಡ್‌ಗಿಂತ ಭಾರದ ರೈಫಲ್ ಒಯ್ಯುವಂತಿಲ್ಲ.

ಕೋವಿ ಎಷ್ಟು ಒದೆಯುತ್ತದೆ?

ದುಡ್ಡು ಕೊಡುವ ಮುಂಚೆ ಈ ಪ್ರಶ್ನೆ ಕೇಳಬೇಕು. ದೂರಬೀನು ಸೇರಿ 9 ಪೌಂಡ್ ತೂಗುವ ರೈಫಲ್‌ಗೆ ಲೆಕ್ಕ ಹಾಕಿದರೆ 6.5 ಕ್ರೀಡ್‌ಮೋರ್ ಸುಮಾರು 12 ಫುಟ್-ಪೌಂಡ್ (ಶಕ್ತಿಯ ಅಳತೆ) ಒದೆಯುತ್ತದೆ. 7 ಎಂಎಂ ಪಿಆರ್‌ಸಿ 25ರ ಹತ್ತಿರ. .300 ಪಿಆರ್‌ಸಿ 33ರ ಹತ್ತಿರ. ಕ್ರೀಡ್‌ಮೋರ್‌ಗೆ ಹೋಲಿಸಿದರೆ ಎರಡೂವರೆ ಪಟ್ಟಿಗೂ ಜಾಸ್ತಿ.

ನಾನು ಮೊದಲು ಕೊಂಡದ್ದು .300 ವಿನ್ ಮ್ಯಾಗ್. ಹಗುರ ರೈಫಲ್. ಗುರಿ ಯಾಕೋ ಕೂರುತ್ತಿರಲಿಲ್ಲ. ದೂರಬೀನನ್ನು ಬೈದೆ, ತೋಟಾ ಬದಲಿಸಿದೆ. ರೇಂಜ್‌ನಲ್ಲಿ ಪಕ್ಕದಲ್ಲಿದ್ದ ವಯಸ್ಸಾದ ಒಬ್ಬರು ನೋಡುತ್ತಿದ್ದರು. "ನಾನು ತುಂಬಿಕೊಡುತ್ತೇನೆ, ನೀನು ಹೊಡಿ" ಅಂದರು. ಮೂರನೆಯದಕ್ಕೆ ಮದ್ದಿಲ್ಲದ ತೋಟಾ ಹಾಕಿದ್ದರು, ನನಗೆ ಗೊತ್ತಿಲ್ಲ. ಕೋವಿಯ ಕುದುರೆ ಎಳೆದೆ. "ಟಿಕ್" ಅಂತಷ್ಟೇ ಸದ್ದು. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಹೋಗಿತ್ತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಒದೆತಕ್ಕೆ ಹೆದರಿ ಮೈ ಮೊದಲೇ ಮುದುಡುತ್ತಿತ್ತು. ಆ ರೈಫಲ್ ಮಾರಿ ಎರಡು ವರ್ಷ ಕ್ರೀಡ್‌ಮೋರ್ ಹೊಡೆದೆ. ಆಮೇಲೆಯೇ 7 ಎಂಎಂಗೆ ಬಂದದ್ದು.

ನಳಿಗೆಯ ತುದಿಗೆ ಮಜಲ್ ಬ್ರೇಕ್ (ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ತೂತಿನ ಕೊಳವೆ) ಹಾಕಿದರೆ ಒದೆತ ತುಂಬ ಕಡಿಮೆಯಾಗುತ್ತದೆ. ಸದ್ದು ಮಾತ್ರ ಹಿಂದಕ್ಕೆ, ಪಕ್ಕದವರ ಕಿವಿಗೆ ಬಡಿಯುತ್ತದೆ. ಕಿವಿಯ ರಕ್ಷಣೆ ಇಲ್ಲದೆ ಒಂದು ಈಡೂ ಬೇಡ.

ಎಷ್ಟು ದೂರದ ತನಕ ಹೊಡೆಯಬಹುದು?

ತೋಟಾ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಬದಿಗಿಡಿ. ಬೆಂಚ್ ಇಲ್ಲದೆ, ಬೆನ್ನಚೀಲದ ಮೇಲೆ ರೈಫಲ್ ಇಟ್ಟು, ನೂರು ಮಾರು ಓಡಿ ಬಂದು ಮಲಗಿ, 10 ಇಂಚಿನ ತಟ್ಟೆಗೆ ಹೊಡೆಯಿರಿ. ಗಾಳಿ ಇರುವ ದಿನವೇ ಹೊಡೆಯಿರಿ. ಮೊದಲ ಗುಂಡೇ ಬೀಳಬೇಕು. ಹತ್ತರಲ್ಲಿ ಹತ್ತು ಸಲ ಬಿದ್ದ ದೂರ ನಿಮ್ಮ ದೂರ. ನನ್ನದು 400 ಗಜ. ತೋಟಾ ಅದರ ಎರಡರಷ್ಟು ದೂರಕ್ಕೂ ಸಮರ್ಥ, ನಾನಲ್ಲ.

ಇನ್ನೊಂದಿದೆ. 500 ಗಜ ಮುಟ್ಟಲು ಗುಂಡಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಮೇಯುತ್ತಿರುವ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಹೋಯಿತು. ಇದಕ್ಕೆ ಯಾವ ತೋಟಾದಲ್ಲೂ ಪರಿಹಾರ ಇಲ್ಲ. ಇನ್ನೂರು ಗಜ ತೆವಳಿ ಹತ್ತಿರ ಹೋಗುವುದೇ ಪರಿಹಾರ.

ಗುರಿ ಸ್ಪರ್ಧೆಯ ಗುಂಡನ್ನೇ ಬೇಟೆಗೂ ಬಳಸಬಹುದಾ? ಬಿ.ಸಿ. ಚೆನ್ನಾಗಿದೆ.

ಬೇಡ. ಕಾಗದ ತೂತು ಮಾಡುವ ಗುಂಡಿಗೆ ಪ್ರಾಣಿಯ ಮೈಯಲ್ಲಿ ಹೇಗೆ ಅರಳಬೇಕು ಎಂಬ ಯೋಚನೆ ಇರುವುದಿಲ್ಲ. ಬೇಟೆಯ ಗುಂಡು ಅಣಬೆಯ ಹಾಗೆ ಅರಳಬೇಕು. ಅದಕ್ಕೆ ಮುಟ್ಟುವಾಗ ಇಂತಿಷ್ಟು ವೇಗ ಬೇಕು. ಹಲವು ಗುಂಡುಗಳಿಗೆ ಸೆಕೆಂಡಿಗೆ 1800 ಅಡಿ, ಮೆತ್ತಗಿನವಕ್ಕೆ 1600 ಅಡಿ ಸಾಕು. ಕ್ರೀಡ್‌ಮೋರ್‌ನ 143 ಗ್ರೇನ್ 500 ಗಜದಲ್ಲಿ 2000 ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ನಿಮ್ಮ ಗುಂಡಿನ ಕನಿಷ್ಠ ವೇಗವನ್ನು ಕಂಪನಿಯ ಪುಟದಲ್ಲಿ ನೋಡಿ, ಆ ವೇಗಕ್ಕೆ ಇಳಿಯುವ ದೂರದ ತುಂಬ ಈಚೆಗೆ ನಿಲ್ಲಿ. ಡಬ್ಬದ ವೇಗ 24 ಇಂಚಿನ ನಳಿಗೆಯದ್ದು. ನಿಮ್ಮದು 20 ಇಂಚಾದರೆ ಇಂಚಿಗೆ 25 ಅಡಿಯಂತೆ ಕಳೆಯಿರಿ.

ಪೂರ್ತಿ ತಾಮ್ರದ ಗುಂಡುಗಳ ಲೆಕ್ಕ ಬೇರೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಇನ್ನೂ ಉದ್ದ ಬೇಕು, ಟ್ವಿಸ್ಟ್ ಇನ್ನೂ ಚುರುಕು ಬೇಕು. ಅರಳಲು ವೇಗವೂ ಜಾಸ್ತಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಆಯ್ಕೆಯೇ ಇಲ್ಲ. 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಮಾಂಸ ಮನೆಯ ಮಕ್ಕಳೂ ತಿನ್ನುತ್ತಾರೆ. ಮುನ್ನೂರು ಗಜದೊಳಗೆ ಹೊಡೆಯುವವರು ಎಲ್ಲಿದ್ದರೂ ತಾಮ್ರವನ್ನೇ ಯೋಚಿಸಿ.

ಕೊಲರಾಡೊದ ನಿಯಮ ಏನು?

ಎಲ್ಕ್‌ಗೆ ಕನಿಷ್ಠ .24 ಇಂಚಿನ ಗುಂಡು, 85 ಗ್ರೇನ್ ತೂಕ, ಅರಳುವ ಬಗೆಯದ್ದೇ ಆಗಿರಬೇಕು. 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಇರಬೇಕು. ಮೇಲೆ ಹೇಳಿದ ಎಲ್ಲ ತೋಟಾಗಳೂ ಇದನ್ನು ಸುಲಭವಾಗಿ ದಾಟುತ್ತವೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಪ್ರಮಾಣಪತ್ರ ಬೇಕೇ ಬೇಕು. ರೈಫಲ್ ಸೀಸನ್‌ನಲ್ಲಿ ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ತಲೆಗೂ ಅದೇ ಬಣ್ಣ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಕೊಳ್ಳಬಹುದಾ?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಚ್-4ನಂಥ ವಲಸೆಯೇತರ ವೀಸಾದವರು ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಅದರಲ್ಲಿ ಒಂದು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ರೈಫಲ್ ಮಾತ್ರ ಬೀರುವಿನಲ್ಲೇ ಇರುತ್ತದೆ. ಅಲ್ಲೇ ಜನ ಸಿಕ್ಕಿಬೀಳುವುದು. ಮೊದಲು ಲೈಸೆನ್ಸ್, ಆಮೇಲೆ ರೈಫಲ್. ಕೊಳ್ಳುವ ಮುಂಚೆ ವಕೀಲರನ್ನೂ ಒಂದು ಮಾತು ಕೇಳಿ. ಗೆಳೆಯನ ರೈಫಲ್ ಸುಮ್ನೆ ಹಿಡಿದುಕೊಳ್ಳುವುದಕ್ಕೂ ಇದೇ ಮಾತು.

ತೋಟಾ ಮನೆಯಲ್ಲೇ ತುಂಬಿಕೊಳ್ಳಬೇಕಾ?

ಬೇಕಿಲ್ಲ. ಇಪ್ಪತ್ತು ವರ್ಷ ಹಿಂದೆ ಭಾರದ ಗುಂಡು ಬೇಕಿದ್ದವರಿಗೆ ಅದೇ ದಾರಿ ಆಗಿತ್ತು. ಈಗ ಫ್ಯಾಕ್ಟರಿ ತೋಟಾಗಳೇ ಚೆನ್ನಾಗಿವೆ. ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಸಲಕ್ಕೆ ತಯಾರಾದ, ಐದಾರು ಡಬ್ಬ ಒಟ್ಟಿಗೆ ತಗೊಳ್ಳಿ.

ಡೆನ್ವರ್‌ನಲ್ಲಿ ಗುರಿ ಕೂರಿಸಿದ್ದೇನೆ. ಬೆಟ್ಟದ ಮೇಲೆ ಮತ್ತೆ ನೋಡಬೇಕಾ?

ನೋಡಲೇಬೇಕು. 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೂ ಕಡಿಮೆ. ಗುಂಡು ಕಡಿಮೆ ಬೀಳುತ್ತದೆ, ಕಡಿಮೆ ಸರಿಯುತ್ತದೆ. ಟೆಕ್ಸಾಸ್‌ನಿಂದ ಬಂದವರು ಆ್ಯಪ್‌ನಲ್ಲಿ ಎತ್ತರ ಬದಲಿಸದೆ ದೂರಕ್ಕೆ ಹೊಡೆದರೆ ಗುಂಡು ಪ್ರಾಣಿಯ ಬೆನ್ನಿನ ಮೇಲೆ ಹಾರಿ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕೆಡಿಸುವುದು ಪ್ರಯಾಣ. ಕಚ್ಚಾ ರಸ್ತೆಯಲ್ಲಿ ಮೂರು ಗಂಟೆ ಟ್ರಕ್‌ನಲ್ಲಿ ಕುಲುಕಿದ ದೂರಬೀನನ್ನು ನಂಬಬೇಡಿ. ಬೇಟೆಯ ಹಿಂದಿನ ದಿನ, ಹೊಡೆಯಲು ಅನುಮತಿ ಇರುವ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಒಂದು ರಟ್ಟಿನ ಡಬ್ಬ ಇಡಿ. 100 ಗಜದಿಂದ ಮೂರು ಗುಂಡು ಹೊಡೆಯಿರಿ. ನಾನು ಆ ರಟ್ಟನ್ನು ಕತ್ತರಿಸಿ, ದಿನಾಂಕ ಬರೆದು, ತೋಟಾದ ಡಬ್ಬದೊಳಗೆ ಮಡಚಿ ಇಡುತ್ತೇನೆ.